ಟಾಪಿಕ್‌ಗೆ ಒಂದು ಸ್ಟಾರ್, ಬೈಂಡಿಂಗ್‌ಗೆ ನಾಲ್ಕು

ಮೈಸೂರಿನ ಸರಸ್ವತಿಪುರಂ ಕಡೆ ಓಡಾಡಿದವರಿಗೆ ಈ ಥರದ ಅಂಗಡಿಗಳು ಗೊತ್ತಿರುತ್ತವೆ. ಜೆರಾಕ್ಸ್, ಡಿಟಿಪಿ, ಸ್ಪೈರಲ್ ಬೈಂಡಿಂಗ್ ಅಂತ ದೊಡ್ಡ ಬೋರ್ಡು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ 'ಟಾಪಿಕ್ ಸೆಲೆಕ್ಷನ್, ಸಿನಾಪ್ಸಿಸ್ ಮಾಡಿಕೊಡಲಾಗುವುದು'. ಅಂದರೆ ಸಂಶೋಧನೆಗೆ ವಿಷಯ ಆರಿಸಿ, ಅದರ ರೂಪರೇಷೆ ಬರೆದು ಕೊಡುವುದು. ಆ ಸಣ್ಣ ಅಕ್ಷರ ನಂಬಿ ನಾನು 1,800 ರೂಪಾಯಿ ಕೊಟ್ಟೆ. ಅಂಗಡಿ ಹೆಸರು ಬರೆಯುವುದಿಲ್ಲ. ಹುಡುಗರು ಒಳ್ಳೆಯವರು, ಹೊಟ್ಟೆಪಾಡು. ಆದರೆ ಅಲ್ಲಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಅನ್ನುವುದನ್ನು ಯಾರಾದರೂ ನನಗೆ ಮೊದಲೇ ಹೇಳಿದ್ದರೆ ಚೆನ್ನಾಗಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮಂಡ್ಯದ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕಿ. ಪಾಠ ಮಾಡಿ ಗೊತ್ತು, ಸಂಶೋಧನಾ ಲೇಖನ ಬರೆದು ಗೊತ್ತಿಲ್ಲ. ಎಂ.ಎ. ಮುಗಿಸಿ ಹನ್ನೊಂದು ವರ್ಷವಾಗಿದೆ. ಒಂದು ವಿಚಾರ ಸಂಕಿರಣಕ್ಕೆ 12 ಪುಟದ ಲೇಖನ ಕೊಡುತ್ತೇನೆ ಅಂತ ಹುಮ್ಮಸ್ಸಿನಲ್ಲಿ ಒಪ್ಪಿಕೊಂಡುಬಿಟ್ಟೆ. ಕೈಯಲ್ಲಿದ್ದದ್ದು ಹತ್ತು ವಾರ. ವಿಷಯ ಏನು ಮೇಡಂ ಅಂತ ಕೇಳಿದವರಿಗೆಲ್ಲ 'ಕೃಷಿ' ಅನ್ನುತ್ತಿದ್ದೆ. ಕೃಷಿಯಲ್ಲಿ ಏನು? 'ಕಬ್ಬು.' ಕಬ್ಬಿನಲ್ಲಿ ಏನು? ಅಲ್ಲಿಗೆ ನನ್ನ ಬಾಯಿ ಬಂದ್.

ಒಂದು ಶನಿವಾರ ಮೈಸೂರು ಬಸ್ ಹತ್ತಿದೆ. ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿಗೆ ದುಡ್ಡಿಲ್ಲ, ಆಧಾರ್ ತೋರಿಸಿದರೆ ಸಾಕು. ಆ ಉಳಿತಾಯವನ್ನೆಲ್ಲ ಒಟ್ಟಿಗೆ ಈ ಅಂಗಡಿಗೆ ಸುರಿದೆ ಅನ್ನಿ.

ಕೌಂಟರಿನಲ್ಲಿ ಇಪ್ಪತ್ತೆರಡು ಇಪ್ಪತ್ತಮೂರು ವರ್ಷದ ಹುಡುಗ. 'ಸೋಶಿಯಲ್ ಸೈನ್ಸಾ, ಕಾಮರ್ಸಾ ಮೇಡಂ?' ಅಂತ ಕೇಳಿದ. ಅರ್ಥಶಾಸ್ತ್ರ ಅಂದೆ. ಕಂಪ್ಯೂಟರಿನಲ್ಲಿ ಒಂದು ಎಕ್ಸೆಲ್ ಫೈಲ್ ತೆಗೆದ. ಸ್ಕ್ರೀನ್ ನನ್ನ ಕಡೆಗೂ ಸ್ವಲ್ಪ ತಿರುಗಿತ್ತು, ಹಾಗಾಗಿ ನೋಡಿದೆ. ಮೂರು ಕಾಲಂ. ಮೊದಲನೆಯದರಲ್ಲಿ ವಿಷಯ, ಎರಡನೆಯದರಲ್ಲಿ ಜಿಲ್ಲೆ, ಮೂರನೆಯದರಲ್ಲಿ ಎಷ್ಟು ಜನರನ್ನು ಮಾತಾಡಿಸಬೇಕು ಅನ್ನುವ ಲೆಕ್ಕ. ಸ್ವಸಹಾಯ ಸಂಘಗಳ ಪಾತ್ರ, ಮೈಸೂರು, 100. ಶಕ್ತಿ ಯೋಜನೆಯ ಪರಿಣಾಮ, ಮೈಸೂರು, 120. ನರೇಗಾ ಮತ್ತು ಗ್ರಾಮೀಣ ಬದುಕು, ಚಾಮರಾಜನಗರ, 100. ಹೀಗೆ ಕೆಳಗೆ ಕೆಳಗೆ ಹೋಗುತ್ತಲೇ ಇತ್ತು. ಮದುವೆ ಮನೆಯವರು ಅಡುಗೆ ಭಟ್ಟರ ಹತ್ತಿರ ಮೆನು ಓದಿಸಿಕೊಂಡ ಹಾಗೆ ನಾನೂ ಓದಿಸಿಕೊಂಡೆ.

'ಕಬ್ಬಿನ ಮೇಲೆ ಏನಾದ್ರೂ ಇದ್ಯಾ?' ಅಂದೆ.

'ರೈತರ ಆರ್ಥಿಕ ಸ್ಥಿತಿಗತಿ ಇದೆ ಮೇಡಂ. ಅದನ್ನೇ ಕಬ್ಬು ಬೆಳೆಗಾರರು ಅಂತ ಮಾಡಿ ಕೊಡ್ತೀವಿ. ಮೈಸೂರು ಬೇಡ್ವಾ? ಮಂಡ್ಯ ಹಾಕ್ತೀನಿ ಬಿಡಿ.'

ಮೂರು ದರ ಇದ್ದವು. ಟಾಪಿಕ್ ಮತ್ತು ಸಿನಾಪ್ಸಿಸ್ 1,800. ಪ್ರಶ್ನಾವಳಿಯೂ ಬೇಕು ಅಂದರೆ 3,500. 'ಫುಲ್' ಅಂದರೆ 9,000, ಅಂದರೆ ಲೇಖನವನ್ನೇ ಅವರು ಬರೆದು ಕೊಡುತ್ತಾರೆ. ಫುಲ್ ಅನ್ನುವುದು ನೇರವಾಗಿ ಮೋಸ, ಅದರ ಬಗ್ಗೆ ಮಾತೇ ಬೇಡ. ವಿದ್ಯಾರ್ಥಿಗಳ ಮುಂದೆ ನಿಂತು ಕಾಪಿ ಹೊಡೀಬೇಡ್ರೋ ಅಂತ ಬೈಯುವ ಬಾಯಿ ನನ್ನದು. ಮೊದಲನೆಯದು ತಪ್ಪಲ್ಲ ಅಂದುಕೊಂಡೆ. ಸಲಹೆಗೆ ದುಡ್ಡು ಕೊಡುವುದರಲ್ಲಿ ಏನು ತಪ್ಪು, ಅಲ್ವಾ? ವಕೀಲರಿಗೆ ಕೊಡುವುದಿಲ್ಲವಾ?

ನಾಲ್ಕು ದಿನಕ್ಕೆ ವಾಟ್ಸಾಪ್‌ನಲ್ಲಿ ಬಂತು. ಹೇಳಿದ ದಿನಕ್ಕೇ ಬಂತು, ಅದಕ್ಕೆ ಮಾರ್ಕ್ಸ್ ಕೊಡಲೇಬೇಕು. ಶೀರ್ಷಿಕೆ: 'ಮಂಡ್ಯ ಜಿಲ್ಲೆಯ ಕಬ್ಬು ಬೆಳೆಗಾರರ ಸಾಮಾಜಿಕ ಮತ್ತು ಆರ್ಥಿಕ ಸ್ಥಿತಿಗತಿ: ಒಂದು ಅಧ್ಯಯನ'. ಆರು ಪುಟ. ಓದಲು ಶುರು ಮಾಡಿದೆ. ಎರಡನೇ ಪುಟದಲ್ಲಿ ಮಂಡ್ಯ ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕು ಬಂತು. ಎಚ್.ಡಿ. ಕೋಟೆ ಯಾವಾಗ ನಮ್ಮ ಜಿಲ್ಲೆಗೆ ಬಂತಪ್ಪ ಅಂತ ಎದ್ದು ಕೂತೆ. ಮೂರನೇ ಪುಟದಲ್ಲಿ, ಮಂಡ್ಯ ವಿಶ್ವವಿದ್ಯಾಲಯ 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸ್ಥಾಪನೆಯಾಯಿತಂತೆ. 1916ರಲ್ಲಿ ಮಂಡ್ಯ ಜಿಲ್ಲೆಯೇ ಇರಲಿಲ್ಲ. ಮೈಸೂರು ಜಿಲ್ಲೆಯಿಂದ ಬೇರೆಯಾಗಿದ್ದೇ 1939ರಲ್ಲಿ.

ಆಮೇಲೆ ಗುಟ್ಟು ಗೊತ್ತಾಯಿತು. 'ಮೈಸೂರು' ಅಂತ ಇದ್ದ ಕಡೆಯೆಲ್ಲ 'ಮಂಡ್ಯ' ಆಗಿತ್ತು. 'ಮೈಸೂರಿನ', 'ಮೈಸೂರಿಗೆ', 'ಮೈಸೂರಿನಲ್ಲಿ' ಅಂತ ಇದ್ದದ್ದು ಹಾಗ್ಹಾಗೇ ಉಳಿದಿತ್ತು. ಒಂದೇ ಪ್ಯಾರಾದಲ್ಲಿ ರೈತ ಮಂಡ್ಯ ಜಿಲ್ಲೆಯಲ್ಲಿ ಹುಟ್ಟಿ ಮೈಸೂರಿನಲ್ಲಿ ಸಾಲ ಮಾಡಿ ಮತ್ತೆ ಮಂಡ್ಯ ತಾಲೂಕು ಕಚೇರಿಗೆ ಬರುತ್ತಿದ್ದ. ಕಂಪ್ಯೂಟರಿಗೆ ವಿಭಕ್ತಿ ಪ್ರತ್ಯಯ ಕಲಿಸಿಲ್ಲ ನೋಡಿ. ಒಬ್ಬಳೇ ಕೂತು ಜೋರಾಗಿ ನಕ್ಕೆ. ನಕ್ಕು ಮುಗಿದ ಮೇಲೆ 1,800 ನೆನಪಾಯಿತು.

ಈ ತಪ್ಪುಗಳನ್ನು ತಿದ್ದಿ ಕೊಡಿ ಅಂದಿದ್ದರೆ ತಿದ್ದಿ ಕೊಡುತ್ತಿದ್ದರು. ನನ್ನ ತಕರಾರು ಅದಲ್ಲ. ಶೀರ್ಷಿಕೆಯನ್ನೇ ಇನ್ನೊಂದು ಸಲ ಓದಿ ನೋಡಿ. ಅದರಲ್ಲಿ ಪ್ರಶ್ನೆಯೇ ಇಲ್ಲ. ಏಳು ತಾಲೂಕು, ಅಷ್ಟೂ ಬೆಳೆಗಾರರು, ಅವರ ಸಾಮಾಜಿಕ ಸ್ಥಿತಿ, ಅದರ ಮೇಲೆ ಆರ್ಥಿಕ ಸ್ಥಿತಿ, ಮತ್ತೆ 'ಗತಿ'. 12 ಪುಟದಲ್ಲಿ! ಆ ಲೇಖನದ ಕೊನೆಗೆ ಏನು ಬರುತ್ತದೆ ಅನ್ನುವುದನ್ನು ಈಗಲೇ ಹೇಳಬಲ್ಲೆ: ರೈತರಿಗೆ ಕಷ್ಟ ಇದೆ, ಸರ್ಕಾರ ಗಮನ ಕೊಡಬೇಕು. ಇದನ್ನು ಹೇಳುವುದಕ್ಕೆ ನೂರು ಜನರ ಮನೆ ಬಾಗಿಲು ತಟ್ಟಬೇಕಾ?

ಅಂಗಡಿಯವರು ಹೆಸರು ಮಾರುತ್ತಾರೆ. ನನಗೆ ಬೇಕಾಗಿದ್ದದ್ದು ಪ್ರಶ್ನೆ. ಎರಡೂ ಬೇರೆ ಅನ್ನುವುದು ದುಡ್ಡು ಕೊಡುವಾಗ ನನಗೂ ಗೊತ್ತಿರಲಿಲ್ಲ.

ಇನ್ನು ಬಿಟ್ಟಿ ಸಿಕ್ಕಿದ್ದರ ಬಗ್ಗೆ. ಶೋಧಗಂಗಾ ಅಂತ ಒಂದು ಜಾಲತಾಣ ಇದೆ. ಗುಜರಾತಿನ ಗಾಂಧಿನಗರದಲ್ಲಿರುವ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವುದು. ದೇಶದ ವಿಶ್ವವಿದ್ಯಾಲಯಗಳಿಗೆ ಸಲ್ಲಿಸಿದ ಪಿಎಚ್‌.ಡಿ. ಪ್ರಬಂಧಗಳು ಲಕ್ಷಗಟ್ಟಲೆ ಇವೆ, ಅಧ್ಯಾಯಕ್ಕೊಂದು ಪಿಡಿಎಫ್. ಓದುವುದಕ್ಕೆ ಕಾಸಿಲ್ಲ, ಲಾಗಿನ್ ಇಲ್ಲ. ಇದರ ಜೊತೆಗೇ ಶೋಧಗಂಗೋತ್ರಿ ಅಂತ ಇನ್ನೊಂದು, ಅದರಲ್ಲಿ ಇನ್ನೂ ನಡೆಯುತ್ತಿರುವ ಸಂಶೋಧನೆಗಳ ಸಾರಾಂಶ ಸಿಗುತ್ತದೆ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಪಕ್ಕದಲ್ಲೇ ಓಡಾಡಿಕೊಂಡು ಶೋಧಗಂಗೋತ್ರಿ ಅನ್ನುವುದೊಂದಿದೆ ಅಂತ ಗೊತ್ತಿಲ್ಲದೆ ಇಷ್ಟು ವರ್ಷ ಕಳೆದೆ ಅಂದರೆ ನಾಚಿಕೆಯಾಗುತ್ತದೆ.

ನನಗೆ ಕೊಟ್ಟ ಶೀರ್ಷಿಕೆಯನ್ನು ಅಲ್ಲಿ ಹಾಕಿ ಹುಡುಕಿದೆ. ಅದೇ ಜಾತಿಯ ಶೀರ್ಷಿಕೆಗಳು ಸಾಲುಸಾಲಾಗಿ ಬಂದವು. ಜಿಲ್ಲೆ ಬೇರೆ, ಬೆಳೆ ಬೇರೆ, ಮಿಕ್ಕಿದ್ದೆಲ್ಲ ಅದೇ. ಆಮೇಲೊಂದು ಸಲ ಮೈಸೂರಿನಿಂದ ವಾಪಸ್ ಬರುವಾಗ ಬಸ್ಸಿನಲ್ಲಿ ಕೂತು ಫೋನಿನಲ್ಲೇ ನೋಡುತ್ತಿದ್ದೆ, ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ ಆ ಶೀರ್ಷಿಕೆ ಮೇಲಿದ್ದ ಆಸೆ ಪೂರ್ತಿ ಹೋಯಿತು.

ಒಂದು ಉಪಾಯ ಹೇಳುತ್ತೇನೆ, ಇದನ್ನು ನನಗೆ ಯಾರೂ ಹೇಳಿಕೊಟ್ಟಿಲ್ಲ, ಎಡವಿ ಸಿಕ್ಕಿದ್ದು. ಪ್ರಬಂಧಗಳ ಮೊದಲ ಅಧ್ಯಾಯ ಓದಬೇಡಿ. ಸೀದಾ ಕೊನೆ ಅಧ್ಯಾಯಕ್ಕೆ ಹೋಗಿ. ಅಲ್ಲಿ 'ಅಧ್ಯಯನದ ಮಿತಿಗಳು', 'ಮುಂದಿನ ಸಂಶೋಧನೆಗೆ ಅವಕಾಶ' ಅಂತ ಎರಡು ಸಣ್ಣ ಭಾಗ ಇರುತ್ತವೆ. ನಾಲ್ಕೈದು ವರ್ಷ ಒದ್ದಾಡಿದವರು ನಮ್ಮಿಂದ ಇದು ಆಗಲಿಲ್ಲ, ಯಾರಾದರೂ ಮಾಡಿ ಅಂತ ಬರೆದು ಹೋಗಿರುತ್ತಾರೆ. ಕೆಲವರು ಕಾಟಾಚಾರಕ್ಕೆ ಬರೆದಿರುತ್ತಾರೆ, ಅದು ಎರಡು ಸಾಲಿನಲ್ಲೇ ಗೊತ್ತಾಗುತ್ತದೆ. ಕೆಲವರು ನಿಜವಾಗಿ ಬರೆದಿರುತ್ತಾರೆ. ಅಂಥದ್ದೊಂದರಲ್ಲಿ, ರೈತರಿಗೆ ಎಷ್ಟು ದರ ಸಿಗುತ್ತದೆ ಅಂತ ಎಲ್ಲರೂ ಕೇಳಿದ್ದೇವೆ, ಯಾವಾಗ ಸಿಗುತ್ತದೆ ಅಂತ ಕೇಳಿಲ್ಲ ಅನ್ನುವ ಅರ್ಥದ ಒಂದು ಮಾತಿತ್ತು. ಯಾವಾಗ? ಅಲ್ಲಿ ನನ್ನ ಕಣ್ಣು ನಿಂತಿತು. ಅಂದ ಹಾಗೆ, ಹುಡುಕುವಾಗ ಕನ್ನಡದಲ್ಲಿ ಒಂದು ಸಲ, ಇಂಗ್ಲಿಷ್‌ನಲ್ಲಿ ಒಂದು ಸಲ ಹಾಕಿ ನೋಡಿ.

ಆ 'ಯಾವಾಗ' ಅನ್ನುವುದನ್ನು ತಲೆಯಲ್ಲಿ ಇಟ್ಟುಕೊಂಡು ತವರಿಗೆ ಹೋದೆ. ಪಾಂಡವಪುರದ ಹತ್ತಿರ, ನಾಲೆ ಬಯಲು. ವಿಶ್ವೇಶ್ವರಯ್ಯ ನಾಲೆ ನೀರು ಬಿಟ್ಟರೆ ಕಬ್ಬು, ಭತ್ತ, ಇಲ್ಲದಿದ್ದರೆ ಆಕಾಶ ನೋಡುವುದು. ತಮ್ಮ ಎರಡು ಎಕರೆಗೆ ಕಬ್ಬು ಹಾಕಿದ್ದಾನೆ. ಒಂದಷ್ಟು ಕಾರ್ಖಾನೆಗೆ, ಒಂದಷ್ಟು ಆಲೆಮನೆಗೆ. ಆಲೆಮನೆಯವರು ಟನ್ನಿಗೆ ಕೊಡುವುದು ಕಾರ್ಖಾನೆ ದರಕ್ಕಿಂತ ಎಷ್ಟೋ ಸಲ ಕಡಿಮೆ. ಆದರೂ ಯಾಕೆ ಕೊಡ್ತೀಯೋ ಅಂತ ಕೇಳಿದೆ.

'ದರ ತಗಂಡ್ ಏನ್ ಮಾಡನಕ್ಕ? ಫ್ಯಾಕ್ಟ್ರಿಯವ್ರ್ ದುಡ್ಡು ಬರೋದು ಹಬ್ಬ ಮುಗ್ದ್ ಮೇಲೆ. ನಂಗ್ ಬೇಕಾಗಿರೋದು ಹಬ್ಬಕ್ಕೆ.'

ಅಡುಗೆ ಮನೆ ಬಾಗಿಲ ಪಕ್ಕ ಒಂಟಿಕೊಪ್ಪಲ್ ಕ್ಯಾಲೆಂಡರ್ ತೂಗು ಹಾಕಿದ್ದಾನೆ. ನಮ್ಮ ಕಡೆ ಯಾರ ಮನೆಯಲ್ಲಿ ಇಲ್ಲ ಹೇಳಿ. ಹಾಲಿನ ಲೆಕ್ಕ, ಹಸುವಿಗೆ ಇಂಜೆಕ್ಷನ್ ಕೊಡಿಸಿದ ದಿನ, ಗ್ಯಾಸ್ ಬಂದ ದಿನ, ಎಲ್ಲ ಅದರ ಮೇಲೇ. ಎತ್ತಿ ನೋಡಿದೆ. ಒಂದು ಮಂಗಳವಾರದ ಚೌಕದಲ್ಲಿ ನೀಲಿ ಪೆನ್ನಿನಲ್ಲಿ 'ಕಬ್ಬು 14 ಟ. ಫ್ಯಾ' ಅಂತ ಇತ್ತು. ಹಾಳೆ ತಿರುವಿದೆ. ಇನ್ನೊಂದು ತಿರುವಿದೆ. ಅದರಾಚೆ ಒಂದು ಗುರುವಾರದಲ್ಲಿ 'ಫ್ಯಾ ಹಣ' ಅಂತ, ಕೆಳಗೆ ಎರಡು ಗೆರೆ. ಬೆರಳು ಮಡಚಿ ಎಣಿಸಿದೆ: 72 ದಿನ. ಆಲೆಮನೆಯದು ನೋಡಿದೆ. 'ಕಬ್ಬು 6 ಟ. ಆಲೆ', ಅದರ ಮುಂದಿನ ವಾರದಲ್ಲೇ 'ಆಲೆ ಹಣ'. 9 ದಿನ.

ಕಾನೂನು ಏನು ಹೇಳುತ್ತದೆ ಅನ್ನುವುದನ್ನು ನಾನು ತರಗತಿಯಲ್ಲಿ ಪಾಠ ಮಾಡಿದ್ದೇನೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಾರ್ಖಾನೆ ಕಬ್ಬು ತೆಗೆದುಕೊಂಡ 14 ದಿನದೊಳಗೆ ದುಡ್ಡು ಕೊಡಬೇಕು, ತಡವಾದರೆ ವರ್ಷಕ್ಕೆ ಶೇ. 15ರಂತೆ ಬಡ್ಡಿ. ಹುಡುಗರ ಕೈಯಲ್ಲಿ ನೋಟ್ಸ್ ಬರೆಸಿದ್ದೇನೆ. ಎಫ್‌ಆರ್‌ಪಿ, ಅಂದರೆ ಕೇಂದ್ರ ಸರ್ಕಾರ ಕಬ್ಬಿಗೆ ನಿಗದಿ ಮಾಡುವ ಕನಿಷ್ಠ ದರ, ಎಷ್ಟು ಅಂತ ಒಂದು ಅಂಕದ ಪ್ರಶ್ನೆ ಕೊಟ್ಟಿದ್ದೇನೆ. ತಮ್ಮನ ಅಡುಗೆ ಮನೆ ಬಾಗಿಲಲ್ಲಿ ಆ 14ಕ್ಕೂ 72ಕ್ಕೂ ನಡುವೆ ಇರುವ ಅಂತರ ತೂಗಾಡುತ್ತಿತ್ತು, ನಾನು ಟಾಪಿಕ್ ಹುಡುಕಿಕೊಂಡು ಸರಸ್ವತಿಪುರಂಗೆ ಹೋಗಿದ್ದೆ.

ಸರಿ, ವಿಷಯ ಸಿಕ್ಕಿತು ಅಂತ ಕುಣಿದೆ. ಕುಣಿದಿದ್ದು ಎರಡೇ ದಿನ. ಬೀದಿ ಕೊನೆಯಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು ಇದ್ದಾರೆ, ನನಗೆ ಪಿಯುಸಿಯಲ್ಲಿ ಪಾಠ ಮಾಡಿದವರು. ಅವರ ಹತ್ತಿರ ಹೋಗಿ ಮಂಡ್ಯದ ಬೆಲ್ಲದ ಬಗ್ಗೆ ಬರೀತೀನಿ ಸಾರ್ ಅಂದೆ. ಆಲೆಮನೆಗಳ ಇತಿಹಾಸ, 1933ರಲ್ಲಿ ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆ ಬಂದದ್ದು, ಅದರ ಹಿಂದೆ ಓಡಾಡಿದ ಕೃಷಿ ಇಲಾಖೆಯ ಕೋಲ್ಮನ್, ಕೃಷಿ ಸಂಶೋಧನೆ ನಡೆಯುವ ವಿ.ಸಿ. ಫಾರಂನ ಕಬ್ಬಿನ ತಳಿಗಳು, ಬೆಲ್ಲ ಬೆಳ್ಳಗಾಗಲಿ ಅಂತ ಹಾಕುವ ಹೈಡ್ರೋಸ್, ಉತ್ತರ ಪ್ರದೇಶದಿಂದ ಬಂದ ಕೂಲಿಯವರು, ಎಪಿಎಂಸಿ ದರ, ಕೊನೆಗೆ ರೈತರಿಗೆ ಹಣ ಬರುವ ದಿನ. ಒಂದೇ ಉಸಿರಿನಲ್ಲಿ ಹೇಳಿದೆ.

ಮೇಷ್ಟ್ರು ಕಾಫಿ ಕುಡಿದು ಲೋಟ ಇಟ್ಟರು. 'ಇಷ್ಟಕ್ಕೂ ಎಷ್ಟು ಪುಟ ಅಂದೆ?'

ಆಮೇಲೆ ಮೂರು ಪ್ರಶ್ನೆ ಕೇಳಿದರು. ಯಾರನ್ನ ಕೇಳ್ತೀಯಮ್ಮ? ಅವರ ಮನೆಗೆ ಹೋಗಿ ಸಾಯಂಕಾಲದೊಳಗೆ ವಾಪಸ್ ಬರೋಕೆ ಆಗುತ್ತಾ? ಅವರು ಹೇಳಿದ್ದು ಸರಿ ಅಂತ ಯಾವ ಕಾಗದ ನೋಡಿ ಹೇಳ್ತೀಯ? ಮೂರನೆಯದಕ್ಕೆ ಉತ್ತರ ಇಲ್ಲದ್ದನ್ನೆಲ್ಲ ಬಿಟ್ಟುಬಿಡು ಅಂದರು.

ಬಿಡುವುದೇ ಕಷ್ಟ ಕಣ್ರೀ. ಹೈಡ್ರೋಸ್ ಬಿಡಲು ಮನಸ್ಸೇ ಇರಲಿಲ್ಲ. ಊರಿನ ಆಲೆಮನೆಯಲ್ಲಿ ಒಂದು ಸಂಜೆ ನಿಂತಿದ್ದೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು, ಒಬ್ಬ ಒಲೆಗೆ ಒಣಗಿದ ರಚ್ಚು (ಹಿಂಡಿದ ಕಬ್ಬಿನ ಸಿಪ್ಪೆ) ತುಂಬುತ್ತಿದ್ದ, ಇನ್ನೊಬ್ಬ ಒಂದು ಚಿಟಿಕೆ ಪಾಕ ತೆಗೆದು ನೀರಿಗೆ ಬಿಟ್ಟು ಬೆರಳಲ್ಲಿ ಉರುಟಿ ನೋಡುತ್ತಿದ್ದ. ಕಪ್ಪು ಬೆಲ್ಲಕ್ಕೆ ಮಾರ್ಕೆಟ್‌ನಲ್ಲಿ ಬೆಲೆ ಇಲ್ಲ, ಬಿಳಿ ಬೆಲ್ಲ ತಿನ್ನುವವರೇ ಕೆಮಿಕಲ್ ಅಂತ ಬೈತಾರೆ ಅಂತ ಆಲೆಮನೆ ಯಜಮಾನರು ಹೇಳಿದರು. ಎಂಥ ಒಳ್ಳೆ ವಿಷಯ! ಆದರೆ ಅದಕ್ಕೆ ಲ್ಯಾಬ್ ಬೇಕು, ನನ್ನ ಹತ್ತಿರ ಇರುವುದು ಕ್ಯಾಲ್ಕುಲೇಟರ್. ಬಿಟ್ಟೆ. ಕೂಲಿಯವರ ವಿಷಯ ಬಿಟ್ಟೆ, ನನ್ನ ಹಿಂದಿ ಬಸ್‌ಸ್ಟ್ಯಾಂಡ್ ಹಿಂದಿ. 1933 ಬಿಟ್ಟೆ, ಅದು ಇತಿಹಾಸದವರ ಕೆಲಸ. ಒಂದು ಹಳೇ ನೋಟ್‌ಬುಕ್‌ನಲ್ಲಿ ಇವನ್ನೆಲ್ಲ ಬರೆದಿಟ್ಟಿದ್ದೇನೆ, ಮುಂದೆ ಯಾವಾಗಲಾದರೂ ನೋಡಿಕೊಂಡರಾಯಿತು.

ಹಾಗೆ ಕತ್ತರಿಸುತ್ತಾ ಕತ್ತರಿಸುತ್ತಾ ಇನ್ನೊಂದು ತುದಿಗೆ ಹೋಗಿಬಿಟ್ಟೆ. ನಮ್ಮ ಊರಿನ ಒಂದೇ ಆಲೆಮನೆ, ಅದಕ್ಕೆ ಕಬ್ಬು ಕೊಡುವ ಐದು ಜನ. ಮೇಷ್ಟ್ರು ಮತ್ತೆ ತಲೆ ಆಡಿಸಿದರು. ಐದರಲ್ಲಿ ಮೂವರು ನಿನ್ನ ನೆಂಟರು, ಹೋಲಿಸೋಕೆ ಏನಿದೆ ಅಂದರು. ನಿಜ. ಅಂಗಿ ಹಿಡಿಸಬೇಕು ಅಂತ ಕತ್ತರಿಸಿ ಕರ್ಚೀಫು ಮಾಡಿಕೊಂಡಿದ್ದೆ.

ಕೊನೆಗೆ ನಿಂತದ್ದು ಇಲ್ಲಿಗೆ. ಪಾಂಡವಪುರ ತಾಲೂಕು. ಎರಡು ಊರು: ಒಂದರಲ್ಲಿ ಆಲೆಮನೆ ಇದೆ, ಇನ್ನೊಂದರಲ್ಲಿ ಇಲ್ಲ. ಎರಡು ಎಕರೆ ಒಳಗಿನ ಬೆಳೆಗಾರರು ಮಾತ್ರ. ಒಂದೇ ಹಂಗಾಮು. ಕಬ್ಬನ್ನು ಕಬ್ಬಾಗಿಯೇ ಮಾರಿದವರು ಮಾತ್ರ; ಬಾಡಿಗೆ ಕೊಟ್ಟು ಅರೆಸಿ ತಾವೇ ಬೆಲ್ಲ ಮಾರಿದವರು ಬೇಡ, ಅವರ ಲೆಕ್ಕವೇ ಬೇರೆ. ಪ್ರಶ್ನೆ ಒಂದೇ: ದರ ಕಡಿಮೆ ಇದ್ದರೂ ಆಲೆಮನೆಗೆ ಕೊಡುವುದರ ಹಿಂದೆ ಹಣ ಕೈಸೇರುವ ದಿನದ ಲೆಕ್ಕ ಎಷ್ಟಿದೆ? ಕಾಗದ ಯಾವುದು? ತೂಕದ ಚೀಟಿ, ಬ್ಯಾಂಕ್ ಪಾಸ್‌ಬುಕ್, ಆಲೆಮನೆಯವರ ನೋಟ್‌ಬುಕ್, ಮತ್ತೆ ಗೋಡೆಯ ಕ್ಯಾಲೆಂಡರ್. ಬೆಲ್ಲದ ದರ ಬೇಕಾದಾಗ ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ಮಂಡ್ಯ ಮಾರುಕಟ್ಟೆಯದು ದಿನದಿನದ್ದೂ ಸಿಗುತ್ತದೆ. 32 ಜನರನ್ನು ಮಾತಾಡಿಸಿದೆ, ಆರು ಭಾನುವಾರ ಹಿಡಿಯಿತು. ಇಪ್ಪತ್ತು ಮನೆಯಲ್ಲಿ ಕಾಫಿ, ಎರಡು ಮನೆಯಲ್ಲಿ ಮುದ್ದೆ ಊಟ.

ಈಗ ಅಂಗಡಿಗೆ ವಾಪಸ್ ಬರುತ್ತೇನೆ. ಯಾರು ಹೋಗಬಹುದು? ಕೈಬರಹ ಕೊಟ್ಟು ಕನ್ನಡ ಟೈಪಿಂಗ್ ಮಾಡಿಸಬೇಕು ಅನ್ನುವವರು ಕಣ್ಣು ಮುಚ್ಚಿಕೊಂಡು ಹೋಗಿ. 'ನುಡಿ' ತಂತ್ರಾಂಶದಲ್ಲಿ ಇದ್ದ ನನ್ನ ಹಳೆಯ ಫೈಲನ್ನು ಒಂದು ಒತ್ತಕ್ಷರವೂ ಕೆಡದ ಹಾಗೆ ಯೂನಿಕೋಡ್ ಮಾಡಿ ಕೊಟ್ಟರು. ಕೋಷ್ಟಕಗಳು ನೀಟು. ಬೈಂಡಿಂಗ್ ಗಟ್ಟಿ, ಚಿನ್ನದ ಬಣ್ಣದ ಅಕ್ಷರ ಸೊಟ್ಟ ಬಂದಿಲ್ಲ. ಇದಕ್ಕೆಲ್ಲ ನಾಲ್ಕು ಸ್ಟಾರ್. ಐದನೆಯದು ಯಾಕಿಲ್ಲ ಅಂದರೆ ಕೂರಲು ಇರುವುದು ಒಂದೇ ಸ್ಟೂಲ್, ಅದರ ಮೇಲೂ ಪೇಪರ್ ಬಂಡಲ್.

ಟಾಪಿಕ್‌ಗೆ ಒಂದು ಸ್ಟಾರ್. ಅದೂ ಹೇಳಿದ ದಿನಕ್ಕೆ ಕೊಟ್ಟಿದ್ದಕ್ಕೆ. ಇನ್ನೊಂದು ಎಚ್ಚರಿಕೆ: ಯುಜಿಸಿಯ 2018ರ ನಿಯಮದ ಪ್ರಕಾರ ಬೇರೆಯವರ ಬರಹದ ಜೊತೆ ಹೋಲಿಕೆ ಶೇ. 10 ದಾಟಿದರೆ ತೊಂದರೆ ಶುರು. ಒಂದೇ ಸಿನಾಪ್ಸಿಸನ್ನು ಊರು ಬದಲಾಯಿಸಿ ಹತ್ತು ಜನರಿಗೆ ಮಾರಿದರೆ ಆ ಹತ್ತರಲ್ಲಿ ಮೊದಲು ಸಿಕ್ಕಿಬೀಳುವವರು ಯಾರು ಅನ್ನುವುದು ಲಾಟರಿ. ಶೋಧಗಂಗಾಕ್ಕೆ ಐದಕ್ಕೆ ಐದು. ಮೇಷ್ಟ್ರಿಗೆ ಸ್ಟಾರ್ ಕೊಡುವಷ್ಟು ದೊಡ್ಡವಳು ನಾನಲ್ಲ, ಒಂದು ಕೆ.ಜಿ. ಅಚ್ಚು ಬೆಲ್ಲ ಕೊಟ್ಟು ಬಂದೆ. ಕಂದು ಬಣ್ಣದ್ದು.

ಹೋದ ತಿಂಗಳು ಲೇಖನ ಮುಗಿಸಿ ಬೈಂಡಿಂಗ್‌ಗೆ ಅದೇ ಅಂಗಡಿಗೆ ಹೋದೆ. ಅದೇ ಹುಡುಗ. ಮೊದಲ ಪುಟ ಓದಿದ, ಬಾಯಿ ಬಿಟ್ಟು ಓದಿದ: 'ಕಬ್ಬು ಕೊಟ್ಟ ದಿನದಿಂದ ಹಣ ಬಂದ ದಿನದವರೆಗೆ'. ಚೆನ್ನಾಗಿದೆ ಮೇಡಂ ಅಂದ. ಸ್ವಲ್ಪ ತಡೆದು, 'ಇದನ್ನ ನಮ್ಮ ಲಿಸ್ಟಿಗೆ ಹಾಕ್ಕೊಳ್ಳಲಾ? ತಾಲೂಕು ಚೇಂಜ್ ಮಾಡ್ಕೋತೀವಿ' ಅಂದ.

ಮೊದಲು ನನ್ನ 1,800 ವಾಪಸ್ ಕೊಡಪ್ಪ ಅಂದೆ. ನಕ್ಕ. ಬೈಂಡಿಂಗ್‌ನಲ್ಲಿ 20 ರೂಪಾಯಿ ಬಿಟ್ಟ.